ಫಿಟ್ಟರ್ ಕಲ್ಲು

ಗುಡ್ಡದ ಮೇಲೆ ಒಂದು ಕಲ್ಲಿಗೆ ನನ್ನ ಹೆಸರಿತ್ತು. ಹೆಸರು ಅಂದರೆ ಹೆತ್ತವರು ಇಟ್ಟದ್ದಲ್ಲ, ಕೆಲಸ ಇಟ್ಟದ್ದು. ನಾನು ಸಸಿತೋಟದ ಫಿಟ್ಟರು, ಅದು ಫಿಟ್ಟರ್ ಕಲ್ಲು. ಅದರ ಸುತ್ತ ಬಿಳೀ ಸುಣ್ಣದ ಪಟ್ಟಿ. ವರ್ಷಕ್ಕೊಮ್ಮೆ ಮೇಸ್ತ್ರಿ ತಾವೇ ಹತ್ತಿ ಹೋಗಿ ಅದನ್ನು ಹೊಸದಾಗಿ ಬಳಿಯುತ್ತಿದ್ದರು. ಕೆಲಸಕ್ಕೆ ಹೊಸಬರು ಬಂದರೆ ಮೊದಲು ಕಕ್ಕಸು ಎಲ್ಲಿದೆ ಅಂತ ತೋರಿಸುವುದು, ಆಮೇಲೆ ಆ ಕಲ್ಲು.

"ಬದುಕಿದ್ದಾಗಲೇ ತನ್ನ ಹೆಸರಿನ ಕಲ್ಲು ನೋಡೋ ಭಾಗ್ಯ ಎಷ್ಟು ಜನಕ್ಕಿದೆ ಫಿಟ್ಟರಣ್ಣ?" ಎಂದು ಚಟಾಕಿ ರೇಗಿಸುತ್ತಿದ್ದ. ಚಟಾಕಿ ಅಂದರೆ ನಮ್ಮಲ್ಲಿ ಮೇಲಿನ ಇಳಿಜಾರಿಗೆ ಗಾಡಿ ಓಡಿಸುವವನು. ಬಾಯಿ ಬಿಟ್ಟರೆ ಚಟಾಕಿಯೇ, ಹಾಗಾಗಿ ಆ ಹೆಸರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆರು ವರ್ಷ ನಕ್ಕು ಸುಮ್ಮನಾದೆ.

ನಮ್ಮ ಕೆಲಸ ಹೀಗೆ. ಹಿಂದೊಮ್ಮೆ ಬೆಂಕಿ ಬಿದ್ದು ಬೋಳಾದ ಗುಡ್ಡ ಅದು. ಬುಡದಿಂದ ನೆತ್ತಿಯವರೆಗೆ ಹನ್ನೆರಡು ಸಾಲು ಸಸಿ ನೆಟ್ಟಿದ್ದೇವೆ. ಬೇರು ಹಿಡಿಯುವವರೆಗೆ ಬೇಸಿಗೆಯಲ್ಲಿ ನೀರು ಹೊರಬೇಕು. ಟ್ರ್ಯಾಕ್ಟರು ಮೂರನೇ ಸಾಲಿಗೇ ಕೈ ಮುಗಿದುಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಏಡಿಯೇ ಗತಿ. ಏಡಿ ಅಂದರೆ ನಾಲ್ಕು ದಪ್ಪ ಚಕ್ರದ, ಬೈಕಿನ ಹಾಗೆ ಆಚೆ ಈಚೆ ಕಾಲು ಹಾಕಿ ಕೂರುವ ಗಾಡಿ. ಕಾಗದಪತ್ರದಲ್ಲಿ ಎಟಿವಿ ಅಂತ ಬರೆಯುತ್ತಾರೆ. ಹೆಸರಿಟ್ಟವರ ತಲೆಯಲ್ಲಿ ಏನಿತ್ತೋ ಕಾಣೆ. ಏಡಿ ಅಡ್ಡಡ್ಡ ಹೋಗುವ ಪ್ರಾಣಿ, ಈ ಗಾಡಿ ಇಳಿಜಾರಿನಲ್ಲಿ ಅಡ್ಡ ಮಾತ್ರ ಹೋಗಕೂಡದು. ನೇರ ಹತ್ತಬೇಕು, ನೇರ ಇಳಿಯಬೇಕು. ಅಡ್ಡ ತಿರುಗಿಸಿದರೆ ಕೆಳಗಿನ ಬದಿಗೆ ಮಗುಚುತ್ತದೆ. ಮಗುಚಿದರೆ ಬೀಳುವುದು ಕೂತವರ ಮೇಲೆ. ವರ್ಕ್‌ಶಾಪಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ 'ಅಡ್ಡ ಹೋಗಬೇಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದವನು ನಾನೇ. ನಾನು ಬೀಳುವುದಕ್ಕೆ ಎರಡು ತಿಂಗಳ ಮೊದಲು ಬರೆದದ್ದು.

ಆಗ ನಾನೂ ಮೇಲಕ್ಕೆ ನೀರು ಒಯ್ಯುತ್ತಿದ್ದೆ. ಆ ಕಲ್ಲಿನ ಹತ್ತಿರ ನನ್ನ ಗಾಡಿ ಮಗುಚಿ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯ ಮಂಚದ ಪಕ್ಕ ನಿಂತು ಮೇಸ್ತ್ರಿ, "ಹೇಗ್ರೀ ಆಯ್ತು ಇದು? ನೀವೇ ಹೀಗಾ?" ಎಂದು ಕೇಳಿದಾಗ ನಾನು, "ಚಕ್ರಕ್ಕೆ ಕಲ್ಲು ಸಿಕ್ತು," ಎಂದೆ. ಅಷ್ಟೇ. ಎರಡು ಪದ ಜಾಸ್ತಿ ಹೇಳಿದ್ದರೆ ಕಥೆ ಬೇರೆ ಆಗುತ್ತಿತ್ತು. ಮರುವಾರವೇ ಅವರು ಗುಡ್ಡ ಹತ್ತಿ, ಅಲ್ಲಿ ಕಂಡ ಕಲ್ಲಿಗೆ ಸುಣ್ಣ ಬಳಿದು, ಓಡಿಸುವವರಿಗೆ ಕೊಡುವ ದಾರಿಯ ಕಾರ್ಡಿನಲ್ಲಿ ಒಂದು ವಾಕ್ಯ ಸೇರಿಸಿದರು: ಏಳನೇ ಸಾಲು ದಾಟಿದ ಮೇಲೆ ಫಿಟ್ಟರ್ ಕಲ್ಲನ್ನು ಬಲಕ್ಕೆ ಬಿಟ್ಟು, ಎರಡು ಮಾರು ದೂರದಿಂದ ಸುತ್ತಿ ಹೋಗುವುದು.

ಇನ್ನು ನನ್ನ ಮಗಳ ವಿಷಯ. ತೋಟದಲ್ಲಿ ಅವಳಿಗೆ ಮೊಳೆ ಅಂತ ಹೆಸರು. ಉದ್ದ, ತೆಳ್ಳಗೆ, ಹೊಡೆದಲ್ಲಿ ನಿಲ್ಲುವವಳು. "ಫಿಟ್ಟರನ ಮಗಳು ಮತ್ತೇನು ಪಾಯಸ ಆಗ್ತಾಳಾ?" ಅಂದವನೂ ಚಟಾಕಿಯೇ. ಇಪ್ಪತ್ತನಾಲ್ಕು ವರ್ಷ. ಮೊದಲು ಪಾರ್ಸೆಲ್ ಆಫೀಸಿನಲ್ಲಿ ಡಬ್ಬ ವಿಂಗಡಿಸುತ್ತಿದ್ದಳು. ಒಂದು ದಿನ ಬಂದು, "ಅಪ್ಪಾ, ದಿನಾ ಪೂರ್ತಿ ಬೇರೆಯವರ ವಿಳಾಸ ಓದಿ ಓದಿ ಸಾಕಾಗಿದೆ, ತೋಟಕ್ಕೆ ಬರ್ತೀನಿ," ಎಂದಳು. ನಾನು ಬೇಡ ಎಂದೆ. ಅವಳಮ್ಮ ಬೇಡವೇ ಬೇಡ ಎಂದಳು. ಹದಿನಾಲ್ಕು ತಿಂಗಳಿಂದ ಕೆಳಗಿನ ಏಳು ಸಾಲಿಗೆ ಅವಳೇ ನೀರು ಒಯ್ಯುತ್ತಿದ್ದಾಳೆ. ನಮ್ಮ ಮನೆಯಲ್ಲಿ 'ಬೇಡ'ದ ಬೆಲೆ ಇಷ್ಟು.

ಏಳನೇ ಸಾಲಿನಿಂದ ಮೇಲೆ ಗಾಡಿ ಒಯ್ಯಬೇಕಾದರೆ ಬೇರೆ ಪರವಾನಗಿ ಬೇಕು. ದೊಡ್ಡ ಆಫೀಸಿನಿಂದ ತಪಾಸಣೆಗೆ ಬಂದವರ ಎದುರು ಬುಡದಿಂದ ನೆತ್ತಿಯವರೆಗೆ ನೀರು ಒಯ್ದು ತೋರಿಸಬೇಕು. ಪಾಸಾದರೆ ಕೆಲಸ ಖಾಯಂ, ಮೇಲಿನ ಐದು ಸಾಲು ಅವರ ಸುಪರ್ದಿಗೆ. ತಪ್ಪಿದರೆ ಇನ್ನೆರಡು ವರ್ಷ ಕೆಳಗೇ. ಆ ಜಾಗಕ್ಕೆ ಮೊಳೆಯ ಹೆಸರು ಹೋಗಿತ್ತು. ಗುರುವಾರ ಪರೀಕ್ಷೆ.

ಭಾನುವಾರ ಮಧ್ಯಾಹ್ನ ಊಟ ಮಾಡುತ್ತಾ ಅವಳು ಈ ಸುದ್ದಿ ಹೇಳಿದಳು. ನನ್ನ ಹೆಂಡತಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ವಾರದ ಆರು ದಿನ ನಿಂತೇ ಇರುತ್ತಾಳೆ, ಭಾನುವಾರ ಕೂತರೆ ಏಳುವುದಿಲ್ಲ. ಅವತ್ತು ತಟ್ಟೆ ಕೆಳಗಿಟ್ಟು ಎದ್ದು ನಿಂತಳು.

"ನೋಡ್ರೀ," ಎಂದಳು ನನಗೆ, "ನೀವು ಮಲಗಿದ್ದಾಗ ಮೂರು ತಿಂಗಳು ನಿಮ್ಮನ್ನ ಎಡಕ್ಕೆ ಬಲಕ್ಕೆ ಹೊರಳಿಸಿದವಳು ನಾನು. ಇನ್ನೊಬ್ಬರನ್ನ ಹೊರಳಿಸೋ ತಾಕತ್ತು ಈ ಸೊಂಟಕ್ಕಿಲ್ಲ. ನಿಮಗೆ ಗೊತ್ತಿರೋದನ್ನೆಲ್ಲ ಅವಳಿಗೆ ಹೇಳಿಕೊಡಿ. ಒಂದೂ ಬಿಡಬೇಡಿ."

"ಎಲ್ಲಾ ಹೇಳಿಕೊಟ್ಟಿದೀನಿ ಕಣೇ."

"ಹೌದಮ್ಮ," ಎಂದಳು ಮೊಳೆ ಬಾಯಿ ತುಂಬ ಅನ್ನ ಇಟ್ಟುಕೊಂಡು, "ಹೆಲ್ಮೆಟ್ಟಿನ ಬಕಲ್ ಹಾಕೋದನ್ನ ನಲವತ್ತು ಸಲ ಹೇಳಿಕೊಟ್ಟಿದಾನೆ. ನಾಳೆ ನಿದ್ದೆಯಲ್ಲೂ ಹಾಕ್ಕೊಂಡುಬಿಡ್ತೀನಿ."

ನಾನು ಹೇಳಿಕೊಟ್ಟಿದ್ದೆ, ಸುಳ್ಳಲ್ಲ. ನಾಲ್ಕೂ ಟೈರಿನ ಗಾಳಿ ಒಂದೇ ಸಮ ಇರಬೇಕು, ಒಂದರಲ್ಲಿ ಕೊಂಚ ಹೆಚ್ಚಾದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹತ್ತುವ ದಾರಿಯನ್ನು ಮೊದಲು ಕಾಲಲ್ಲಿ ನಡೆದು ನೋಡಬೇಕು. ಏರಿನಲ್ಲಿ ಮೈ ಮುಂದಕ್ಕೆ, ಇಳಿವಿನಲ್ಲಿ ಹಿಂದಕ್ಕೆ. ನಡುವೆ ಗಾಡಿ ನಿಂತರೆ ಬ್ರೇಕು ಒತ್ತಿ ಹಿಡಿ, ಹಿಂದಕ್ಕೆ ಉರುಳಿಸಿ ನೋಡುವ ಧೈರ್ಯ ಬೇಡ, ಮೇಲಿನ ಬದಿಯಿಂದ ಇಳಿ. ಹಿಂದೆ ಯಾರನ್ನೂ ಕೂರಿಸಬೇಡ, ದೇವರೇ ಬಂದು ಲಿಫ್ಟು ಕೇಳಿದರೂ. ಇಷ್ಟೆಲ್ಲ ಹೇಳಿ, ಒಂದನ್ನು ಬಿಟ್ಟಿದ್ದೆ. ಬಿಟ್ಟಿದ್ದು ಯಾವುದು ಅಂತ ಮರೆತಿದ್ದರೆ ಚೆನ್ನಾಗಿತ್ತು. ಮರೆತಿರಲಿಲ್ಲ.

ಬುಧವಾರ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು, "ಬಾರಪ್ಪ, ಮೇಲಿನ ದಾರಿ ನಡ್ಕೊಂಡು ನೋಡೋಣ," ಎಂದಳು. ನನ್ನ ಕಾಲಿಗೆ ಆ ಗುಡ್ಡ ಈಗ ಒಗ್ಗುವುದಿಲ್ಲ. ಅವಳು ನನಗಾಗಿ ನಿಲ್ಲುತ್ತಿರಲಿಲ್ಲ, ಆದರೆ ಪ್ರತಿ ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಮಣ್ಣು ಮುಟ್ಟಿ ನೋಡುತ್ತಿದ್ದಳು. ಅಷ್ಟರಲ್ಲಿ ನಾನು ಸೇರಿಕೊಳ್ಳುತ್ತಿದ್ದೆ. ಕೊಟ್ಟ ಮರ್ಯಾದೆ ಗೊತ್ತಾಗದ ಹಾಗೆ ಕೊಡುವುದನ್ನು ಅವಳಮ್ಮನಿಂದ ಕಲಿತಿದ್ದಾಳೆ.

ಕಲ್ಲಿನ ಹತ್ತಿರ ಬಂದಾಗ ಅವಳು ಅದರ ಮೇಲೆ ನಿಂತಳು. ಆಮೇಲೆ ಇಳಿದು ಕುಕ್ಕರಗಾಲಲ್ಲಿ ಕೂತು, ನೆಲಕ್ಕೂ ಕಲ್ಲಿನ ನೆತ್ತಿಗೂ ನಡುವೆ ಬೆರಳು ಇಟ್ಟು ಅಳೆದಳು.

"ನಾಲ್ಕು ಬೆರಳು," ಎಂದಳು.

"ಏನು ನಾಲ್ಕು ಬೆರಳು?"

"ಎತ್ತರ. ಚಪ್ಪಟೆ ಕಲ್ಲು ಅಪ್ಪ. ಬಟ್ಟೆ ಒಗೆಯೋಕೆ ಬಂದ ಹಾಗಿದೆ. ನಮ್ಮ ಟೈರು ಇದರ ಮೇಲೆ ಹತ್ತಿ ಇಳಿದರೆ ಕೂತವರ ಬೆನ್ನಿಗೂ ಸುದ್ದಿ ಮುಟ್ಟಲ್ಲ." ಸುಣ್ಣವನ್ನು ಉಗುರಿನಿಂದ ಕೆರೆದಳು. "ಒಂದು ಗೀರೂ ಇಲ್ಲ."

"ಆರು ವರ್ಷದ ಮಳೆ ಬಿದ್ದಿದೆ. ಗೀರು ಉಳಿಯುತ್ತಾ?"

ಅವಳು ನನ್ನ ಮುಖ ನೋಡಲಿಲ್ಲ, ದಾರಿ ನೋಡಿದಳು. ಚಟಾಕಿಯ ಗಾಡಿಯ ಚಕ್ರದ ಗುರುತು ಅಲ್ಲಿ ಸ್ಪಷ್ಟವಾಗಿತ್ತು. ಕೆಳಗಿನಿಂದ ನೇರ ಬಂದು, ಕಲ್ಲು ತಪ್ಪಿಸಲು ಎಡಕ್ಕೆ ಹೊರಳಿ, ಗುಡ್ಡದ ಹೊಟ್ಟೆಯ ಮೇಲೆ ಹನ್ನೆರಡು ಅಡಿ ಪೂರ್ತಿ ಅಡ್ಡ ಹೋಗಿ, ಮತ್ತೆ ಮೇಲಕ್ಕೆ. ಇಡೀ ಗುಡ್ಡದಲ್ಲೇ ಅತಿ ಕಡಿದಾದ ಜಾಗ ಅದು.

"ಎಲ್ಲ ಕಡೆ ಅಡ್ಡ ಹೋಗಬೇಡಿ ಅಂತೀವಿ," ಎಂದಳು, "ಇಲ್ಲಿ ಮಾತ್ರ ಕಾರ್ಡು ಕೊಟ್ಟು ಅಡ್ಡ ಕಳಿಸ್ತೀವಿ. ನಾಳೆ ನಾನು ಹತ್ತಡಿ ಬಲಕ್ಕೆ ಸರಿದು ಬುಡದಿಂದಲೇ ನೇರ ಹತ್ತೀನಿ. ಸುತ್ತು ಹಾಕಲ್ಲ."

"ಕಾರ್ಡಿನ ಪ್ರಕಾರ ಹೋಗದಿದ್ದರೆ ಫೇಲು ಮಾಡ್ತಾರೆ ಕಣೇ."

"ಗೊತ್ತು. ಅದಕ್ಕೇ ಕೇಳ್ತಿದೀನಿ. ಯಾಕೆ ಸುತ್ತು ಹಾಕಲಿಲ್ಲ ಅಂದರೆ ಏನು ಹೇಳಲಿ?"

ನಾನು ಗಡಿಯಾರ ನೋಡಿ, ಕೆಲಸದ ಸೈರನ್ನಿಗೆ ಹೊತ್ತಾಯಿತು ಎಂದೆ. ಇಳಿಯುವಾಗ ನನ್ನ ಮುಂದೆ ಅವಳು ನಡೆಯುತ್ತಿದ್ದಳು, ಬೆನ್ನು ನೆಟ್ಟಗೆ. ಎರಡು ವರ್ಷದ ಹಿಂದೆ ಅದೇ ಸುತ್ತಿನಲ್ಲಿ ಚಟಾಕಿಯ ಗಾಡಿ ಒಂದು ಬದಿಗೆ ಎದ್ದಿತ್ತು. ಅವನು ಜಿಗಿದು ಪಾರಾದ, ಗಾಡಿ ಪಲ್ಟಿ ಹೊಡೆಯುತ್ತಾ ಬೇಲಿಯವರೆಗೆ ಹೋಯಿತು. ಆ ಗಾಡಿಯನ್ನು ನಾನೇ ರಿಪೇರಿ ಮಾಡಿದೆ. ಹ್ಯಾಂಡಲ್ ನೆಟ್ಟಗೆ ಮಾಡಿದೆ, ಕ್ಯಾರಿಯರಿಗೆ ಬೆಸುಗೆ ಹಾಕಿದೆ, ಬ್ರೇಕಿನ ಕೇಬಲ್ ಹೊಸದು ಹಾಕಿದೆ. ಕಂಪನಿಯಿಂದ ಬಂದಾಗ ಇದ್ದದ್ದಕ್ಕಿಂತ ಚೆನ್ನಾಗಿ ಮಾಡಿಕೊಟ್ಟೆ. ಬಾಯಿ ಮಾತ್ರ ಬಿಡಲಿಲ್ಲ.

ಗುರುವಾರ ತಪಾಸಣೆಗೆ ಬಂದವರು ಒಬ್ಬ ಹೆಂಗಸು. ಐವತ್ತು ದಾಟಿದವರು, ಕೂದಲು ಗಿಡ್ಡ, ಕಾಲಲ್ಲಿ ನಮ್ಮಂಥದೇ ಸವೆದ ಬೂಟು. ಮೇಸ್ತ್ರಿ ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ. "ನಾನು ಬೆಳಿಗ್ಗೆಯಿಂದ ಕಾರಿನಲ್ಲಿ ಕೂತೇ ಬಂದಿದೀನಿ," ಎಂದು ಗಾಡಿಯ ಪಕ್ಕ ನಿಂತರು. ನಾನು ಟೈರಿನ ಗಾಳಿ ಅಳೆದೆ, ನಾಲ್ಕೂ ಸಮ. ಬ್ರೇಕು, ಚೈನು, ಆಕ್ಸಿಲರೇಟರಿನ ಕೇಬಲ್ಲು. ಎರಡು ಸಲ ನೋಡಿದ್ದು ಮಗಳು ಕೂರುವ ಗಾಡಿ ಅಂತಲ್ಲ. ಎಲ್ಲರಿಗೂ ಎರಡು ಸಲವೇ ನೋಡುವುದು.

ಅಷ್ಟರಲ್ಲಿ ಮೇಸ್ತ್ರಿ ಪೈಪು ಹಿಡಿದು ಹಿಂದಿನ ಕ್ಯಾರಿಯರಿನ ಟ್ಯಾಂಕಿಗೆ ನೀರು ಬಿಡುತ್ತಿದ್ದರು. ಐವತ್ತು ಲೀಟರಿನ ಟ್ಯಾಂಕು. ಅರ್ಧಕ್ಕೆ ನಿಲ್ಲಿಸಿ ಮುಚ್ಚಳ ತಿರುಗಿಸಿದರು.

"ನೋಡಮ್ಮ ಮೊಳೆ," ಎಂದರು ಮುಖವೆಲ್ಲ ಅರಳಿಸಿ, "ನಿನಗೆ ಭಾರ ಆಗಬಾರದು ಅಂತ ಅರ್ಧವೇ ತುಂಬಿಸಿದೀನಿ. ಹಗುರವಾಗಿ ಹೋಗಿ ಬಾ. ಮೇಡಮ್ಮೂ ಒಪ್ಪಿದಾರೆ."

ಪಾಪ, ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ನಾನು ಮಾತ್ರ ಸ್ಪಾನರ್ ಹುಡುಕುತ್ತಾ ಬಗ್ಗಿದೆ. ಮೊಳೆ ಟ್ಯಾಂಕಿನ ಪಕ್ಕ ಹೋಗಿ ಅಂಗೈಯಿಂದ ಅದನ್ನು ಒಂದು ಸಲ ನೂಕಿದಳು. ಒಳಗೆ ನೀರು ಆ ಕಡೆ ಹೋಗಿ ಗೋಡೆಗೆ ಬಡಿದು ಈ ಕಡೆ ಬಂತು. ಕೈ ತೆಗೆದ ಮೇಲೂ ಗಾಡಿ ಸ್ವಲ್ಪ ಹೊತ್ತು ತೂಗಾಡುತ್ತಲೇ ಇತ್ತು.

"ಇದನ್ನ ಒಯ್ಯಲ್ಲ ಮೇಸ್ತ್ರಿ," ಎಂದಳು.

"ಅಂದರೆ? ಪೂರ್ತಿ ತುಂಬಿಸಬೇಕಾ?"

"ಪೂರ್ತಿ ತುಂಬಿದರೆ ಹಿಂದಿನ ಭಾರ ಜಾಸ್ತಿ ಆಗುತ್ತೆ, ಏರಿನಲ್ಲಿ ಮೂತಿ ಎತ್ತುತ್ತೆ. ಅರ್ಧ ಅಂದರೆ ಇನ್ನೂ ಕೆಟ್ಟದ್ದು. ಗಾಡಿ ಯಾವ ಕಡೆ ವಾಲುತ್ತೋ ನೀರೂ ಅದೇ ಕಡೆ ಓಡುತ್ತೆ. ವಾಲಿದವರನ್ನ ಹಿಡ್ಕೋಬೇಕೋ, ನೂಕಬೇಕೋ? ಇದು ನೂಕೋ ನೀರು. ನನಗೆ ಹದಿನೈದು ಲೀಟರಿನ ಎರಡು ಕ್ಯಾನು ಕೊಡಿ."

"ಕ್ಯಾನಾ!" ಎಂದ ಚಟಾಕಿ. "ಹಾಲು ಹಾಕೋಕೆ ಹೊರಟಿದೀಯಾ ತಾಯಿ?"

"ಹೂಂ ಅಣ್ಣ, ನಿನ್ನ ಮನೆಗೆ ನೀರು ಬೆರೆಸಿ ಹಾಕ್ತೀನಿ, ಇರು," ಎಂದಳು. ಎಲ್ಲರೂ ನಕ್ಕರು. ಅವಳು ಕ್ಯಾನುಗಳನ್ನು ಕುತ್ತಿಗೆ ಮಟ್ಟ ತುಂಬಿಸಿ, ಒಳಗೆ ಗಾಳಿಗೂ ಜಾಗವಿಲ್ಲದ ಹಾಗೆ ಮುಚ್ಚಳ ಬಿಗಿದು, ಮುಂದಿನ ಕ್ಯಾರಿಯರಿನ ಮೇಲೆ ಎರಡನ್ನೂ ಮಲಗಿಸಿ ಬೆಲ್ಟು ಎಳೆದು ಕಟ್ಟಿದಳು. ಕ್ಯಾರಿಯರಿಗೆ ಅಂಟಿಸಿದ್ದ ಭಾರದ ಮಿತಿಯ ಚೀಟಿಯನ್ನು ಬೆರಳಿಟ್ಟು ಮೇಡಮ್ಮಿಗೆ ತೋರಿಸಿದಳು. "ಮೇಸ್ತ್ರಿ ಕೊಟ್ಟದ್ದಕ್ಕಿಂತ ಐದು ಲೀಟರು ಜಾಸ್ತೀನೇ ಒಯ್ತಿದೀನಿ," ಎಂದಳು.

ಮೇಡಂ ಬರೆದುಕೊಂಡರು.

ಆಮೇಲೆ ಅವಳು ಹೆಲ್ಮೆಟ್ಟು ಸೀಟಿನ ಮೇಲಿಟ್ಟು, ಕೈಯಲ್ಲಿ ಒಂದು ಕೋಲು ಹಿಡಿದು, ಗುಡ್ಡ ಹತ್ತಿ ಹೋದಳು. ಇಪ್ಪತ್ತೈದು ನಿಮಿಷ. ಮೇಸ್ತ್ರಿ ಮೂರು ಸಲ ಗಂಟಲು ಸರಿಮಾಡಿಕೊಂಡರು. ತುದಿಗಿಂತ ಒಂದು ಸಾಲು ಕೆಳಗೆ, ಹನ್ನೊಂದನೇ ಸಾಲಿನ ಹತ್ತಿರ, ಅವಳು ಕೋಲು ನೆಟ್ಟು ಅದಕ್ಕೆ ತನ್ನ ಕೆಂಪು ಕರವಸ್ತ್ರ ಕಟ್ಟುವುದು ಕಂಡಿತು.

ಇಳಿದು ಬಂದು ಉಸಿರು ತೆಗೆದುಕೊಂಡು ಹೇಳಿದಳು: "ಗಾಡಿ ಹನ್ನೊಂದನೇ ಸಾಲಿನವರೆಗೆ ಹೋಗುತ್ತೆ ಮೇಡಂ. ಅಲ್ಲಿ ಸಮತಟ್ಟು ಜಾಗ ಇದೆ, ತಿರುಗಿಸೋಕೆ ಬರುತ್ತೆ. ಅದರ ಮೇಲೆ ಮಣ್ಣು ಸಡಿಲ, ರಾತ್ರಿ ಹಂದಿ ಏನೋ ಕೆದಕಿದೆ. ಅಲ್ಲಿಂದ ಕ್ಯಾನು ಕಾಲ ಮೇಲೆ ಹೋಗುತ್ತೆ. ಇನ್ನೊಂದು, ಫಿಟ್ಟರ್ ಕಲ್ಲಿನ ಹತ್ತಿರ ನಾನು ಸುತ್ತು ಹಾಕಲ್ಲ. ಬುಡದಲ್ಲೇ ಬಲಕ್ಕೆ ಸರಿದು ನೇರ ಹತ್ತೀನಿ."

"ಅದು ಆಗಲ್ಲ!" ಮೇಸ್ತ್ರಿ ಕಾರ್ಡು ಎತ್ತಿ ಹಿಡಿದರು. "ಕಾರ್ಡು ಕಾರ್ಡೇ. ಎಡಕ್ಕೆ ಸುತ್ತಬೇಕು ಅಂತ ಬರೆದಿದೆ."

ಮೇಡಂ ಕಾರ್ಡು ತೆಗೆದುಕೊಂಡು ಓದಿದರು, ಗುಡ್ಡ ನೋಡಿದರು, ಮತ್ತೆ ಓದಿದರು. "ಇಷ್ಟು ಕಡಿದಾದ ಜಾಗದಲ್ಲಿ ಅಡ್ಡ ಯಾಕೆ?"

"ಅಲ್ಲೊಂದು ಕಲ್ಲಿದೆ ಮೇಡಂ. ಆರು ವರ್ಷದ ಹಿಂದೆ ನಮ್ಮ ಫಿಟ್ಟರು ಆ ಕಲ್ಲಿಗೇ ಸಿಕ್ಕಿ ಬಿದ್ದದ್ದು. ಅಂಥವರೇ ಬಿದ್ದಿದಾರೆ ಅಂದಮೇಲೆ... ಇಲ್ಲೇ ಇದಾರಲ್ಲ, ಅವರನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮಗಳು ತಿರುಗಲಿಲ್ಲ. ಅವಳು ಹೆಲ್ಮೆಟ್ಟಿನ ಬಕಲ್ ಹಾಕಿಕೊಳ್ಳುತ್ತಿದ್ದಳು, ನಾನು ನಲವತ್ತು ಸಲ ಹೇಳಿಕೊಟ್ಟ ಹಾಗೆ, ಪಟ್ಟಿಗೂ ಗದ್ದಕ್ಕೂ ನಡುವೆ ಎರಡು ಬೆರಳು ಇಟ್ಟು. ಅವಳು ತಿರುಗಿ ನೋಡಿದ್ದರೆ ಬಹುಶಃ ನಾನು ಇನ್ನೇನೋ ಹೇಳಿಬಿಡುತ್ತಿದ್ದೆ. ನೋಡದೆ ನಿಂತಳಲ್ಲ, ಅದು ನನಗೆ ಬಿಟ್ಟ ಜಾಗ.

"ಕಲ್ಲು ಸಿಗಲಿಲ್ಲ ಮೇಡಂ," ಎಂದೆ.

"ಅಂದರೆ?"

"ನಾನು ಬಿದ್ದದ್ದು ಕಲ್ಲಿನಿಂದ ಅಲ್ಲ. ಟ್ಯಾಂಕು ಅರ್ಧ ಇತ್ತು. ಮಿಕ್ಕ ನೀರು ಕೆಳಗಿನ ಸಾಲಿಗೆ ಬಿಟ್ಟಿದ್ದೆ, ಗಾಡಿ ಹಗುರಾಯ್ತು ಅಂದುಕೊಂಡೆ. ಪೂರ್ತಿ ಇಳಿದು ಪಕ್ಕದ ದಾರಿಯಲ್ಲಿ ಮತ್ತೆ ಹತ್ತಬೇಕಿತ್ತು. ಬೇಜಾರಾಯ್ತು. ಈ ದಾರಿಯಿಂದ ಆ ದಾರಿಗೆ ಅಡ್ಡ ಹೊಡೆದೆ. ನೀರೆಲ್ಲ ಒಂದೇ ಸಲ ಕೆಳಗಿನ ಬದಿಗೆ ಬಂತು. ಚಕ್ರ ಎದ್ದದ್ದು ಗೊತ್ತಾಯ್ತು, ಆಮೇಲೆ ಆಕಾಶ ಕಂಡಿತು, ಅಷ್ಟೇ." ವರ್ಕ್‌ಶಾಪಿನ ಕಡೆ ಕೈ ತೋರಿಸಿದೆ. "ಬಾಗಿಲ ಮೇಲೆ ಬೋರ್ಡು ಬರೆದವನು ನಾನು. ಹೇಳೋಕೆ ನಾಚಿಕೆ ಆಯ್ತು. ಕಲ್ಲು ಪಾಪ, ಏನೂ ಮಾಡಿಲ್ಲ."

ಪೈಪಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ಫಿಟ್ಟರೇ," ಎಂದರು ಮೇಸ್ತ್ರಿ ಕೊನೆಗೆ, ಅಳುವ ದನಿಯಲ್ಲಿ, "ಆರು ವರ್ಷ ಸುಣ್ಣ ಹೊಡೆದಿದೀನ್ರೀ ಆ ಕಲ್ಲಿಗೆ!"

ಚಟಾಕಿ ನಗಲಿಲ್ಲ. "ಆ ಸುತ್ತು ಹಾಕುವಾಗಲೇ ಅಲ್ವಾ ನನ್ನ ಗಾಡಿ ಹೋದದ್ದು," ಎಂದ, ನನಗೆ ಅಂತಲೂ ಅಲ್ಲ, ಯಾರಿಗೂ ಅಂತಲ್ಲ. ಅವನ ಬಾಯಲ್ಲಿ ತಮಾಷೆ ಇಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು. ತೊಡೆ ಮುರಿದಾಗಲೂ ಇಷ್ಟು ನೋವಾಗಿರಲಿಲ್ಲ.

"ಹೌದಪ್ಪ," ಎಂದೆ. "ಅದು ನನ್ನಿಂದಲೇ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಇದನ್ನ ನಿಮ್ಮ ಕೈಯಲ್ಲೇ ಬರೆದುಕೊಡಬೇಕು ಫಿಟ್ಟರೇ. ಸಂಜೆಯೊಳಗೆ. ಹೊಸಬರಿಗೆ ಓದಿ ಹೇಳೋಕೆ ಬೇಕಾಗುತ್ತೆ." ಆಮೇಲೆ ಮೊಳೆಯ ಕಡೆ ತಿರುಗಿ, "ಏನಮ್ಮ, ನಿನ್ನ ದಾರಿ ನೀನು ಹೇಳಿದೀಯ. ಹೇಳಿದ ಹಾಗೇ ಹೋಗಬೇಕು. ಒಂದಡಿ ಬದಲಾಯಿಸಿದರೂ ನಾನು ಪಾಸು ಮಾಡಲ್ಲ," ಎಂದರು.

"ಆಗಲಿ ಮೇಡಂ."

ನಾನು ಎಷ್ಟೋ ಜನ ಓಡಿಸುವುದನ್ನು ನೋಡಿದ್ದೇನೆ. ಹೆಚ್ಚಿನವರು ಗುಡ್ಡದ ಜತೆ ಜಗಳಕ್ಕೆ ಹೋಗುತ್ತಾರೆ. ಬುಡದಲ್ಲಿ ಭರ್ರೆಂದು ಸದ್ದು ಎಬ್ಬಿಸಿ, ನಡುವೆ ಹೆದರಿ ಕೈ ಸಡಿಲಿಸುತ್ತಾರೆ. ಮೊಳೆ ಹೊರಟದ್ದು ಮನೆಯ ಮೆಟ್ಟಿಲು ಹತ್ತುವವರ ಹಾಗೆ. ಮೊದಲನೇ ಗೇರು, ಒಂದೇ ಸಮನೆ ಸದ್ದು. ಸೀಟಿನಿಂದ ಎದ್ದು ಮೈಯನ್ನು ಹ್ಯಾಂಡಲಿನ ಮೇಲೆ ಬಾಗಿಸಿದಳು. ಕ್ಯಾನುಗಳು ಕದಲಲಿಲ್ಲ. ನಾಲ್ಕನೇ ಸಾಲು, ಐದು, ಆರು. ನಾನು ಕಿವಿಯಿಂದಲೇ ನೋಡುತ್ತಿದ್ದೆ. ಫಿಟ್ಟರನಿಗೆ ಇಂಜಿನ್ನು ಸುಳ್ಳು ಹೇಳುವುದಿಲ್ಲ. ಏಳನೇ ಸಾಲಿನ ಮೇಲೆ, ಆ ಕಡಿದಾದ ಜಾಗದಲ್ಲಿ, ಸುಣ್ಣದ ಪಟ್ಟಿ ಅವಳ ಎಡಕ್ಕೆ ಹತ್ತಡಿ ದೂರದಲ್ಲಿ ಹಿಂದಕ್ಕೆ ಸರಿಯಿತು. ಸದ್ದು ಏರಲೂ ಇಲ್ಲ, ಇಳಿಯಲೂ ಇಲ್ಲ. ಮಗ್ಗದ ನೂಲಿನ ಹಾಗೆ ನೇರ ಹೋದಳು ನನ್ನ ಮಗಳು.

ಕೆಂಪು ಕರವಸ್ತ್ರದ ಹತ್ತಿರ ನಿಂತಳು. ಬ್ರೇಕು, ಇಂಜಿನ್ನು ಬಂದ್, ಚಕ್ರದ ಕೆಳಗೆ ಕಲ್ಲು. ಅಲ್ಲಿಂದ ಒಂದು ಕ್ಯಾನು ಹೆಗಲಿಗೆ ಏರಿಸಿ ನಡೆದು ಮೇಲೆ ಹೋದಳು. ಇಳಿದು ಬಂದು ಇನ್ನೊಂದು. ಹನ್ನೆರಡನೇ ಸಾಲಿನ ಸಸಿಗಳ ನಡುವೆ ಅವಳು ಬಗ್ಗಿ ಏಳುವುದು ಕೆಳಗಿನಿಂದ ಚುಕ್ಕೆಯ ಹಾಗೆ ಕಾಣುತ್ತಿತ್ತು.

"ಗಾಡಿ ತುದಿಗೆ ಹೋಗಲಿಲ್ಲವಲ್ಲ ಮೇಡಂ," ಎಂದರು ಮೇಸ್ತ್ರಿ ಮೆಲ್ಲಗೆ. ಕೆಟ್ಟ ಮನಸ್ಸಿನಿಂದಲ್ಲ, ಕಾರ್ಡಿನ ಮೇಲಿನ ಪ್ರೀತಿಯಿಂದ.

"ನೀರು ಹೋಯಿತಲ್ಲ," ಎಂದರು ಮೇಡಂ. "ಸಸಿಗೆ ಬೇಕಾದದ್ದು ಗಾಡಿನಾ, ನೀರಾ?"

ಮೇಲೆ ಅವಳು ಗಾಡಿ ತಿರುಗಿಸಿ, ಮೈ ಹಿಂದಕ್ಕೆ ಹಾಕಿ, ಹತ್ತಿದ ಗುರುತಿನ ಮೇಲೇ ನೇರ ಇಳಿದು ಬಂದಳು. ಹೆಲ್ಮೆಟ್ಟು ತೆಗೆದಾಗ ಕೂದಲು ಹಣೆಗೆ ಅಂಟಿತ್ತು. ಮೇಡಂ ಮೊದಲು ಅವಳ ಕೈ ಕುಲುಕಿ, ಆಮೇಲೆ ಸಹಿ ಹಾಕಿದರು. "ಕಾರ್ಡು ಬದಲಾಯಿಸಿ ಮೇಸ್ತ್ರಿ," ಎಂದರು. "ಇವಳು ಹೋದ ದಾರಿಯನ್ನೇ ಬರೆಯಿರಿ. ಅರ್ಧ ಟ್ಯಾಂಕಿನ ವಿಷಯವನ್ನೂ."

ನಾನು ಗಾಡಿಯ ಟೈರು ಮುಟ್ಟಿ ನೋಡುತ್ತಿದ್ದೆ. ನೋಡಲು ಏನೂ ಇರಲಿಲ್ಲ. ಮುಖ ಬಗ್ಗಿಸಿಕೊಂಡಿರಲು ಒಂದು ಕೆಲಸ ಬೇಕಿತ್ತು. ಮೊಳೆ ಪಕ್ಕ ಬಂದು ಕೂತಳು.

"ನಿನ್ನೆಯೇ ಹೇಳಿದ್ದರೆ ನಾನು ರಾತ್ರಿ ನಿದ್ದೆ ಮಾಡ್ತಿದ್ದೆ," ಎಂದಳು.

"ಮೊದಲೇ ಗೊತ್ತಿತ್ತಾ ನಿನಗೆ?"

"ನೀನು ಎಲ್ಲ ಹೇಳಿಕೊಟ್ಟೆ. ಆದರೆ ಟ್ಯಾಂಕಿನ ಮಾತು ಬಂದಾಗಲೆಲ್ಲ ನೀನು ಸ್ಪಾನರ್ ಹುಡುಕ್ತಿದ್ದೆ. ಫಿಟ್ಟರಿಗೆ ಸ್ಪಾನರ್ ಕಳೆದುಹೋಗುತ್ತಾ? ಅದಕ್ಕೇ ನಾನೇ ಕೆಳಗಿನ ಸಾಲಿನಲ್ಲಿ ಅರ್ಧ ತುಂಬಿಸಿ, ಗಾಡಿ ನಿಲ್ಲಿಸಿ, ನೂಕಿ ನೋಡಿದೆ. ಒಂದು ಸಲ ನೂಕಿದ ಮೇಲೆ ಸಾಕಾಯ್ತು." ಅವಳು ಅಂಗಿಯ ತೋಳಿನಿಂದ ಕುತ್ತಿಗೆ ಒರೆಸಿಕೊಂಡಳು. "ಮೇಡಂ ಎದುರು ನಾನೇ ಹೇಳಬಹುದಿತ್ತು. ನೀನು ಹೇಳ್ತೀಯ ಅಂತ ಬಿಟ್ಟೆ."

"ಹೇಳದೇ ಇದ್ದಿದ್ದರೆ?"

"ಫೇಲಾಗ್ತಿದ್ದೆ. ಸುತ್ತಂತೂ ಹಾಕ್ತಿರಲಿಲ್ಲ," ಎಂದು ಎದ್ದು ಹೋದಳು.

ಸಂಜೆ ಮನೆಗೆ ಹೋಗಿ ಹೆಂಡತಿಗೂ ಎಲ್ಲ ಹೇಳಿದೆ. ಅವಳು ಪರವಾನಗಿಯ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು, ಮಡಿಕೆ ಬೀಳದ ಹಾಗೆ ಕಪಾಟಿನಲ್ಲಿ ಇಸ್ತ್ರಿ ಬಟ್ಟೆಯ ನಡುವೆ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಮೂರು ತಿಂಗಳು ಆ ಕಲ್ಲಿಗೆ ಶಾಪ ಹಾಕಿದ್ದೆ ಕಣ್ರೀ ನಾನು. ಈಗ ಅಷ್ಟನ್ನೂ ವಾಪಸು ತಗೊಂಡು ಎಲ್ಲಿ ಇಡಲಿ?" ಎಂದಳು. ಎಲ್ಲಿ ಇಡಬೇಕೋ ಅಲ್ಲಿ ಇಟ್ಟಳು. ಎರಡು ದಿನ ನನ್ನ ಜತೆ ಮಾತಿಲ್ಲ. ಮೂರನೇ ದಿನ ನಾನು ಕೇಳದೆಯೇ ಕಾಲಿಗೆ ಬಿಸಿನೀರಿನ ಚೀಲ ತಂದುಕೊಟ್ಟಳು.

ಸೋಮವಾರ ಬೆಳಿಗ್ಗೆ ನಾನು ತಂತಿ ಬ್ರಷ್ಷು ತೆಗೆದುಕೊಂಡು, ಕುಂಟುತ್ತಾ, ನಾಲ್ಕು ಕಡೆ ಕೂತು, ಆ ಕಲ್ಲಿನವರೆಗೆ ಹತ್ತಿದೆ. ಆರು ಪದರ ಸುಣ್ಣ. ಮೇಸ್ತ್ರಿ ನಿಯತ್ತಿನ ಮನುಷ್ಯ, ಚೆನ್ನಾಗಿಯೇ ಬಳಿದಿದ್ದರು. ಉಜ್ಜಿ ಉಜ್ಜಿ ತೋಳು ಸೋತಿತು. ಕೆಳಗೆ ಬೂದು ಬಣ್ಣದ ಸಾದಾ ಕಲ್ಲು, ಗುಡ್ಡದಲ್ಲಿ ಇರುವ ಬೇರೆ ಸಾವಿರ ಕಲ್ಲುಗಳ ಹಾಗೆ.

ಕೆಳಗಿನಿಂದ ಚಟಾಕಿಯ ಕೂಗು ಕೇಳಿತು. ಗುರುವಾರದಿಂದ ಅವನು ನನ್ನ ಜತೆ ಕೆಲಸದ ಮಾತು ಬಿಟ್ಟರೆ ಆಡಿರಲಿಲ್ಲ. "ಫಿಟ್ಟರಣ್ಣಾ! ಹೆಸರಿನ ಕಲ್ಲು ಹೋಯ್ತಲ್ಲ! ಇನ್ನು ಸತ್ತ ಮೇಲೆಯೇ!"

ನಾನು ಬ್ರಷ್ಷು ಎತ್ತಿ ತೋರಿಸಿದೆ. ಕಣ್ಣು ಯಾಕೋ ಉರಿಯಿತು, ಸುಣ್ಣದ ಪುಡಿ ಇರಬೇಕು.

ಆಗಲೇ ಇಂಜಿನ್ನಿನ ಸದ್ದು ಬಂತು. ಒಂದೇ ಸಮ. ತಲೆ ಎತ್ತದೆಯೇ ಯಾರು ಅಂತ ಗೊತ್ತಾಯಿತು. ಮೇಲಿನ ಐದು ಸಾಲಿಗೆ ಅವಳ ಮೊದಲ ಪಾಳಿ. ಮುಂದೆ ಎರಡು ಕ್ಯಾನು, ಮೈ ಮುಂದಕ್ಕೆ, ಕಣ್ಣು ದಾರಿಯ ಮೇಲೆ. ನನ್ನಿಂದ ಹತ್ತಡಿ ದೂರದಲ್ಲಿ ಹಾದು ಹೋದಳು. ನಾನು ಅಪ್ಪ, ಅಲ್ಲೇ ಕೂತಿದ್ದೇನೆ, ಕೈಯಲ್ಲಿ ಬ್ರಷ್ಷು, ಮೈಯೆಲ್ಲ ಸುಣ್ಣ. ಅವಳು ತಿರುಗಿ ನೋಡಲಿಲ್ಲ, ಕೈ ಬೀಸಲಿಲ್ಲ. ಎರಡೂ ಕೈ ಹ್ಯಾಂಡಲಿನ ಮೇಲೆಯೇ ಇದ್ದವು.

ಅಲ್ಲಿ ಕೈ ಬೀಸಬಾರದು. ಅದನ್ನೂ ಅವಳಿಗೆ ಹೇಳಿಕೊಟ್ಟವನು ನಾನೇ.